ಬೇಸಿಗೆ ರಜೆ, ಕೆರೆ ದಡ, ಇಡೀ ಕುಟುಂಬ: ಎಲ್ಲರೂ ಸೇರುವುದಕ್ಕೆ ತಯಾರಿ ಹೀಗಿರಲಿ

ಮದುವೆ ಮನೆಯಲ್ಲಿ ನೆಂಟರೆಲ್ಲ ಸಿಗುತ್ತಾರೆ. ಆದರೆ ಕೂತು ಮಾತಾಡುವುದಕ್ಕೆ ಯಾರಿಗೂ ಪುರುಸೊತ್ತು ಇರುವುದಿಲ್ಲ. ಚೆನ್ನಾಗಿದ್ದೀಯಾ, ಮಕ್ಕಳು ಹೇಗಿದ್ದಾರೆ ಅನ್ನುವಷ್ಟರಲ್ಲಿ ಯಾರೋ ಕರೆಯುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಬೇಸಿಗೆಯಲ್ಲಿ ಒಂದು ಕೆರೆಯ ಪಕ್ಕ ಎರಡು ಮೂರು ದಿನ ಎಲ್ಲರೂ ಒಟ್ಟಿಗೆ ಇದ್ದು ನೋಡಿ, ಅದರ ಖುಷಿಯೇ ಬೇರೆ. ನೀರಿನ ಎದುರು ಕೂತರೆ ಯಾರಿಗೂ ಏಳುವ ಮನಸ್ಸಾಗುವುದಿಲ್ಲ. ದೊಡ್ಡಪ್ಪ ಯಾವತ್ತೂ ಹೇಳದ ಕಥೆ ಹೇಳುತ್ತಾರೆ. ವರ್ಷಕ್ಕೊಮ್ಮೆ ಫೋನಿನಲ್ಲಿ ಹಾಯ್ ಅನ್ನುವ ಮಕ್ಕಳು ಅರ್ಧ ದಿನದಲ್ಲಿ ಒಂದೇ ಟವೆಲ್ ಹೊದ್ದು ಕೂರುವಷ್ಟು ಹತ್ತಿರ ಆಗಿಬಿಡುತ್ತಾರೆ.

ಆದರೆ ಈ ಖುಷಿ ಬಂದವರೆಲ್ಲರಿಗೂ ಸಿಗುತ್ತದಾ? ಎಷ್ಟೋ ಕುಟುಂಬಗಳಲ್ಲಿ ಅತ್ತೆ, ಚಿಕ್ಕಮ್ಮ, ಸೊಸೆಯಂದಿರು ಮನೆಯ ಒಲೆ ಬಿಟ್ಟು ಕೆರೆ ಪಕ್ಕದ ಒಲೆ ಹಿಡಿಯುತ್ತಾರೆ, ಅಷ್ಟೇ ವ್ಯತ್ಯಾಸ. ಕಾರು ಓಡಿಸುವವರು, ಸಾಮಾನು ಹೊರುವವರು, ಲೆಕ್ಕ ಬರೆಯುವವರು ಪ್ರತಿ ಸಲ ಅದೇ ಇಬ್ಬರು ಮೂವರು. ಕೂಟ ಚೆನ್ನಾಗಿ ಆಯ್ತಾ ಇಲ್ವಾ ಅಂತ ನೋಡುವುದಕ್ಕೆ ನನ್ನ ಅಳತೆ ಒಂದೇ. ಬಂದವರಲ್ಲಿ ಪ್ರತಿಯೊಬ್ಬರೂ ದಿನಕ್ಕೆ ಒಂದು ಗಂಟೆಯಾದರೂ ಯಾವ ಕೆಲಸವೂ ಇಲ್ಲದೆ ಸುಮ್ನೆ ನೀರಿನ ಪಕ್ಕ ಕೂತಿದ್ದರಾ? ಕೆಳಗೆ ಹೇಳುವುದೆಲ್ಲ ಆ ಒಂದು ಗಂಟೆಯನ್ನು ಎಲ್ಲರಿಗೂ ಬಿಡಿಸಿಕೊಡುವುದಕ್ಕೇ.

ಮೊದಲು ತಾರೀಖು

ನಾಲ್ಕೈದು ತಿಂಗಳು ಮುಂಚೆಯೇ ಶುರು ಮಾಡಿ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ "ಎಲ್ಲರಿಗೂ ಯಾವಾಗ ಆಗುತ್ತೆ?" ಅಂತ ಕೇಳಬೇಡಿ. ಆ ಪ್ರಶ್ನೆಗೆ ಉತ್ತರ ಬರುವುದಿಲ್ಲ, ಬರೀ ಹೆಬ್ಬೆರಳಿನ ಗುರುತು ಬರುತ್ತದೆ. ಮೂರು ತಾರೀಖು ನೀವೇ ಆರಿಸಿ, ಯಾವುದು ಆಗುತ್ತದೆ ಅಂತ ವೋಟು ಹಾಕಿಸಿ, ಒಂದು ವಾರ ಗಡುವು ಕೊಡಿ. ಜಾಸ್ತಿ ಜನಕ್ಕೆ ಆಗುವ ದಿನವನ್ನು ಗಟ್ಟಿ ಮಾಡಿ ಮುಂದಕ್ಕೆ ಹೋಗಿ. ಎಲ್ಲರಿಗೂ ಆಗುವ ದಿನ ಅಂತ ಹುಡುಕುತ್ತಾ ಕೂತರೆ ಬೇಸಿಗೆಯೇ ಮುಗಿದುಹೋಗುತ್ತದೆ.

ವೋಟು ಹಾಕಿಸುವ ಮೊದಲು ಇಬ್ಬರನ್ನು ಮಾತ್ರ ಬೇರೆಯಾಗಿ ಫೋನ್ ಮಾಡಿ ಕೇಳಿ. ಒಬ್ಬರು ಮನೆಯ ತೀರಾ ಹಿರಿಯರು, ಅವರ ಆಸ್ಪತ್ರೆ ತಪಾಸಣೆ, ಔಷಧಿ, ಪ್ರಯಾಣದ ಶಕ್ತಿ ಎಲ್ಲ ನೋಡಬೇಕಲ್ವಾ. ಇನ್ನೊಬ್ಬರು ಅತಿ ದೂರದಿಂದ ಬರುವವರು, ಅವರಿಗೆ ಟಿಕೆಟ್ಟು, ರಜೆ ಎರಡೂ ಹೊಂದಬೇಕು. ಈ ಇಬ್ಬರಿಗೆ ಹೊಂದುವ ತಾರೀಖನ್ನೇ ಗುಂಪಿಗೆ ಹಾಕಿ.

ಎಷ್ಟು ದಿನ ಅಂದರೆ, ಎರಡು ರಾತ್ರಿ ಇದ್ದರೆ ಚೆನ್ನ. ಒಂದೇ ದಿನವಾದರೆ ಬಂದು ಇಳಿಯುವುದು, ಹೊರಡುವುದು, ಇದರಲ್ಲೇ ಹೋಗುತ್ತದೆ. ನಾಲ್ಕನೇ ದಿನದ ಹೊತ್ತಿಗೆ ಮಕ್ಕಳೂ ದೊಡ್ಡವರೂ ಸ್ವಲ್ಪ ಸಿಡುಕತೊಡಗುತ್ತಾರೆ. ಇನ್ನೂ ಒಂದು ದಿನ ಇರಬಹುದಿತ್ತು ಅನ್ನಿಸುವಾಗ ಹೊರಡುವುದು ಒಳ್ಳೆಯದು.

ಜಾಗವನ್ನು ಕಣ್ಣಾರೆ ನೋಡಿ

ಫೋಟೋ ನೋಡಿ ಜಾಗ ಗೊತ್ತು ಮಾಡಬೇಡಿ. ಫೋಟೋದಲ್ಲಿ ಎಲ್ಲ ಕೆರೆಯೂ ಚೆಂದ. ಯಾರಾದರೂ ಒಬ್ಬರು ಮುಂಚೆ ಹೋಗಿ ನೋಡಿಕೊಂಡು ಬರಲಿ, ಆಗದಿದ್ದರೆ ಅಲ್ಲಿರುವವರಿಂದ ವಿಡಿಯೋ ಕಾಲ್ ಮಾಡಿಸಿ, ಕೋಣೆಯಿಂದ ನೀರಿನವರೆಗೆ ನಡೆಯುತ್ತಾ ತೋರಿಸಿ ಅಂತ ಕೇಳಿ. ಆ ನಡಿಗೆಯಲ್ಲೇ ಅರ್ಧ ವಿಷಯ ತಿಳಿಯುತ್ತದೆ. ಮೆಟ್ಟಿಲೆಷ್ಟು, ಹಿಡಿದುಕೊಳ್ಳಲು ಕಂಬಿ ಇದೆಯಾ, ದಾರಿ ಜಾರುತ್ತದಾ, ರಾತ್ರಿ ದೀಪ ಇದೆಯಾ.

ನಾನು ಮೊದಲು ನೋಡುವುದು ಶೌಚಾಲಯವನ್ನು. ಕೇಳಲು ಸಣ್ಣ ವಿಷಯ ಅನ್ನಿಸಬಹುದು. ಆದರೆ ಶೌಚಾಲಯ ದೂರ ಇದ್ದರೆ ವಯಸ್ಸಾದವರು ನೀರು ಕುಡಿಯುವುದನ್ನೇ ಕಡಿಮೆ ಮಾಡಿಬಿಡುತ್ತಾರೆ, ಯಾರಿಗೂ ಹೇಳುವುದೂ ಇಲ್ಲ. ಬಿಸಿಲಿನಲ್ಲಿ ನೀರು ಕುಡಿಯದೆ ಇದ್ದರೆ ಸಂಜೆ ಹೊತ್ತಿಗೆ ತಲೆ ಸುತ್ತು, ಸುಸ್ತು. ಹಾಗಾಗಿ ಅವರು ಕೂರುವ ನೆರಳಿನಿಂದ ಶೌಚಾಲಯಕ್ಕೆ ಎಷ್ಟು ಹೆಜ್ಜೆ ಅಂತ ನೋಡಿಕೊಂಡೇ ಜಾಗ ಒಪ್ಪಿಕೊಳ್ಳಿ.

ಆಮೇಲೆ ದಡ. ನೀರು ಎಷ್ಟು ದೂರದವರೆಗೆ ಮೊಣಕಾಲುದ್ದ ಇದೆ, ಎಲ್ಲಿ ಇದ್ದಕ್ಕಿದ್ದಂತೆ ಆಳ ಆಗುತ್ತದೆ, ತಳ ಮರಳೋ ಕೆಸರೋ ಕಲ್ಲೋ, ಇದನ್ನು ಅಲ್ಲಿನವರನ್ನು ಕೇಳಿ ತಿಳಿದುಕೊಳ್ಳಿ. ಅಲ್ಲಿ ನೀರಿಗಿಳಿಯಲು ಅನುಮತಿ ಇದೆಯಾ, ದೋಣಿ ಓಡಾಡುವ ದಾರಿ ಬೇರೆ ಇದೆಯಾ, ನೀರು ಕಾಯುವ ಸಿಬ್ಬಂದಿ ಇದ್ದಾರಾ ಅಂತಲೂ ಕೇಳಿ. ಹತ್ತಿರದ ಆಸ್ಪತ್ರೆ ಎಷ್ಟು ದೂರ, ಫೋನ್ ಸಿಗ್ನಲ್ ಎಲ್ಲಿ ಸಿಗುತ್ತದೆ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ.

ನೀರಿನ ಬಣ್ಣವನ್ನೂ ನೋಡಬೇಕು. ಹಸಿರು ಬಣ್ಣದ ಪೇಂಟು ಚೆಲ್ಲಿದ ಹಾಗೆ ಮೇಲೆ ಕೆನೆಗಟ್ಟಿದ್ದರೆ, ಕೆಟ್ಟ ವಾಸನೆ ಬರುತ್ತಿದ್ದರೆ, ಇಳಿಯಬೇಡಿ. ಬಿಸಿಲಿನ ದಿನಗಳಲ್ಲಿ ನಿಂತ ನೀರಿನಲ್ಲಿ ಸಯನೋಬ್ಯಾಕ್ಟೀರಿಯಾ ಅನ್ನುವ ಜೀವಿಗಳು ಹೀಗೆ ಹರಡಿಕೊಳ್ಳುತ್ತವೆ. ಅವುಗಳಲ್ಲಿ ಕೆಲವು ವಿಷ ಬಿಡುತ್ತವೆ, ಆ ವಿಷ ನೀರು ಕುದಿಸಿದರೂ ಹೋಗುವುದಿಲ್ಲ. ಮಕ್ಕಳು, ಜೊತೆಗೆ ಬಂದ ನಾಯಿ, ಇಬ್ಬರಿಗೂ ಅಪಾಯ. ಕಾಲಿಗೆ ಗಾಯ ಆದವರೂ ಕೆರೆ ನೀರಿಗೆ ಇಳಿಯದೆ ಇರುವುದು ವಾಸಿ, ಅದರಲ್ಲೂ ಜೋರು ಮಳೆ ಬಿದ್ದ ಮೇಲೆ.

ದುಡ್ಡಿನ ಮಾತು ಒಂದೇ ಸಲ

ಖರ್ಚನ್ನು ತಲೆ ಲೆಕ್ಕದಲ್ಲಿ ಹಂಚಿ, ಚಿಕ್ಕ ಮಕ್ಕಳಿಗೆ ಅರ್ಧ ಹಿಡಿಯಿರಿ, ಇಲ್ಲವೇ ಬಿಟ್ಟುಬಿಡಿ. ದುಡ್ಡು ಮುಂಚೆಯೇ ಒಬ್ಬರ ಹತ್ತಿರ ಸೇರಲಿ. ಕೈ ಬಿಗಿ ಇರುವ ಮನೆ ಎಲ್ಲ ಕುಟುಂಬದಲ್ಲೂ ಒಂದಿರುತ್ತದೆ, ಅವರು ದುಡ್ಡಿನ ಕಾರಣಕ್ಕೆ ಬರದೆ ಉಳಿಯಬಾರದು. ಅನುಕೂಲ ಇರುವವರು ಸ್ವಲ್ಪ ಜಾಸ್ತಿ ಹಾಕಿ, ಯಾರು ಎಷ್ಟು ಕೊಟ್ಟರು ಅನ್ನುವುದು ಲೆಕ್ಕ ಇಟ್ಟುಕೊಂಡವರಿಗೆ ಮಾತ್ರ ಗೊತ್ತಿದ್ದರೆ ಸಾಕು. ಕೆರೆ ದಡಕ್ಕೆ ಬಂದ ಮೇಲೆ ದುಡ್ಡಿನ ಮಾತು ಬೇಡ.

ಅಡುಗೆ ಮತ್ತು ಕೆಲಸ: ಇಲ್ಲೇ ಎಲ್ಲ ಇರುವುದು

ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಮೇಲೆ ದಿನ, ಪಕ್ಕದಲ್ಲಿ ಹೊತ್ತು. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ರಾತ್ರಿ ಊಟ, ಪಾತ್ರೆ, ಕಸ, ಕುಡಿಯುವ ನೀರು, ಮಕ್ಕಳನ್ನು ಕಾಯುವುದು. ಪ್ರತಿ ಮನೆಗೆ ಒಂದು ಹೊತ್ತಿನ ಅಡುಗೆ ಅಂತ ಹಂಚಿದರೆ ಉಳಿದ ಹೊತ್ತೆಲ್ಲ ಆ ಮನೆಯವರು ಆರಾಮ. ಆದರೆ "ಮನೆ" ಅಂತ ಬರೆದರೆ ಆ ಮನೆಯ ಒಬ್ಬ ಹೆಂಗಸಿನ ತಲೆಗೇ ಬರುತ್ತದೆ, ನೋಡಿ ಬೇಕಾದರೆ. ಅದಕ್ಕೇ ಹೆಸರು ಬರೆಯಿರಿ. ಭಾವ, ಮೈದುನ, ಹದಿನೈದು ವರ್ಷದ ಹುಡುಗ, ಎಲ್ಲರ ಹೆಸರೂ ಹಾಳೆಯ ಮೇಲೆ ಇರಲಿ. ಪಾತ್ರೆ ತೊಳೆಯುವ ಸಾಲಿನಲ್ಲಿ ಗಂಡಸರ ಹೆಸರು ಮೊದಲು ಬರೆಯಿರಿ ಅಂತ ನಾನು ಹೇಳುತ್ತೇನೆ, ಯಾಕೆಂದರೆ ಆ ಸಾಲು ತಾನಾಗಿ ತುಂಬುವುದೇ ಇಲ್ಲ.

ವರ್ಷವೆಲ್ಲ ಎಲ್ಲರಿಗೂ ಬಡಿಸುವ ಒಬ್ಬರು ಪ್ರತಿ ಕುಟುಂಬದಲ್ಲೂ ಇದ್ದೇ ಇರುತ್ತಾರೆ, ಅಲ್ವಾ? ಅವರ ಹೆಸರನ್ನು ಹಾಳೆಯಲ್ಲಿ ಎಲ್ಲೂ ಹಾಕಬೇಡಿ. ಅವರು ಬಿಡುವುದಿಲ್ಲ, ಎದ್ದು ಬರುತ್ತಾರೆ, ಸೌಟು ಎಲ್ಲಿದೆ ಅಂತ ಕೇಳುತ್ತಾರೆ. "ಚಿಕ್ಕಮ್ಮ, ಇವತ್ತು ನೀವು ಕೂತು ಹೇಳಿ, ನಾವು ಮಾಡುತ್ತೇವೆ" ಅಂತ ಕೈ ಹಿಡಿದು ಕೂರಿಸಿ. ಅಡುಗೆ ಅವರು ಮಾಡಿದಷ್ಟು ರುಚಿ ಆಗುವುದಿಲ್ಲ. ಆಗದಿದ್ದರೆ ಬೇಡ.

ಅಡುಗೆಯನ್ನು ಸರಳವಾಗಿ ಇಟ್ಟುಕೊಳ್ಳಿ. ಒಂದೇ ಪಾತ್ರೆಯಲ್ಲಿ ಆಗುವಂಥದ್ದು, ಜೊತೆಗೆ ಹಣ್ಣು, ಹಸಿ ತರಕಾರಿ. ಹೆಚ್ಚುವುದು, ಪುಡಿ ಮಾಡುವುದು ಎಲ್ಲ ಮನೆಯಲ್ಲೇ ಮುಗಿಸಿ ಡಬ್ಬಿಯಲ್ಲಿ ತನ್ನಿ. ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಯಾವುದು ಅಲರ್ಜಿ, ಯಾರು ಏನು ತಿನ್ನುವುದಿಲ್ಲ ಅಂತ ಮುಂಚೆಯೇ ಕೇಳಿ ಅದೇ ಹಾಳೆಯ ಹಿಂದೆ ಬರೆದಿಡಿ. ಕುಡಿಯಲು, ಅಡುಗೆಗೆ ಸೇರಿ ತಲೆಗೆ ದಿನಕ್ಕೆ ಸುಮಾರು 4 ಲೀಟರ್ ಒಳ್ಳೆ ನೀರು ಇರಲಿ, ಬಿಸಿಲು ಜಾಸ್ತಿ ಇದ್ದರೆ ಇನ್ನೂ ಸ್ವಲ್ಪ ಹೆಚ್ಚು.

ಬೇಸಿಗೆಯಲ್ಲಿ ಊಟ ಬೇಗ ಕೆಡುತ್ತದೆ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ಒಳಗೆ ರೋಗಾಣುಗಳು ಬೇಗ ಬೆಳೆಯುತ್ತವೆ. ಹಾಗಾಗಿ ಮಾಡಿದ ಅಡುಗೆ ಹೊರಗೆ 2 ಗಂಟೆಗಿಂತ ಜಾಸ್ತಿ ಇರಬಾರದು, ಬಿಸಿಲು 32 ಡಿಗ್ರಿ ದಾಟಿದ್ದರೆ 1 ಗಂಟೆಯೇ ಮಿತಿ. ಐಸ್ ಪೆಟ್ಟಿಗೆ ಎರಡು ತನ್ನಿ, ಒಂದರಲ್ಲಿ ಕುಡಿಯುವುದು, ಇನ್ನೊಂದರಲ್ಲಿ ತಿನ್ನುವುದು. ಕುಡಿಯುವುದರ ಮುಚ್ಚಳವನ್ನು ಮಕ್ಕಳು ನಿಮಿಷಕ್ಕೊಮ್ಮೆ ತೆಗೆಯುತ್ತಾರೆ, ತಂಪು ನಿಲ್ಲುವುದಿಲ್ಲ. ಪುಡಿ ಐಸಿಗಿಂತ ದೊಡ್ಡ ಗಟ್ಟಿ ನಿಧಾನಕ್ಕೆ ಕರಗುತ್ತದೆ. ಬಾಟಲಿಗಳಲ್ಲಿ ನೀರು ತುಂಬಿ ಹೆಪ್ಪುಗಟ್ಟಿಸಿ ಪೆಟ್ಟಿಗೆಯಲ್ಲಿ ಇಟ್ಟರೆ ಕರಗಿದ ಮೇಲೆ ಕುಡಿಯುವುದಕ್ಕೂ ಆಯಿತು.

ಒಲೆ ಎಲ್ಲಿ ಇಡಬೇಕು ಅನ್ನುವುದಕ್ಕೂ ಒಂದು ಲೆಕ್ಕ ಇದೆ. ಹಗಲು ನೆಲ ನೀರಿಗಿಂತ ಬೇಗ ಕಾಯುತ್ತದೆ. ನೆಲದ ಮೇಲಿನ ಬಿಸಿ ಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಕೆರೆ ಕಡೆಯಿಂದ ತಂಪು ಗಾಳಿ ಬೀಸುತ್ತದೆ. ಬೇರೆ ಜೋರು ಗಾಳಿ ಇಲ್ಲದ ದಿನ ಹೊಗೆ ನೀರಿನಿಂದ ದೂರಕ್ಕೆ ಹೋಗುತ್ತದೆ ಅಂತಾಯಿತು. ಕೂರುವ ಜಾಗ ನೀರಿನ ಕಡೆಗೆ, ಒಲೆ ಅದರ ಹಿಂದೆ ಇದ್ದರೆ ಯಾರ ಕಣ್ಣೂ ಉರಿಯುವುದಿಲ್ಲ. ರಾತ್ರಿ ಇದು ತಿರುಗಬಹುದು, ಆಗ ಬೆಂಕಿಯನ್ನು ಪಕ್ಕಕ್ಕೆ ಸರಿಸಿ. ಇದ್ದಿಲಿನ ಒಲೆಯನ್ನು ಮಾತ್ರ ಯಾವ ಕಾರಣಕ್ಕೂ ಟೆಂಟಿನೊಳಗೆ, ಮುಚ್ಚಿದ ಕೋಣೆಯೊಳಗೆ ತರಬೇಡಿ. ಆರಿದ ಹಾಗೆ ಕಂಡರೂ ಅದರಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತಿರುತ್ತದೆ, ಅದಕ್ಕೆ ವಾಸನೆ ಇಲ್ಲ, ಮಲಗಿದವರಿಗೆ ಗೊತ್ತೇ ಆಗುವುದಿಲ್ಲ.

ನೀರಿನ ವಿಷಯದಲ್ಲಿ ಸಡಿಲ ಬೇಡ

ಉಳಿದದ್ದೆಲ್ಲ ಸ್ವಲ್ಪ ಹೆಚ್ಚುಕಡಿಮೆ ಆದರೂ ನಡೆಯುತ್ತದೆ. ಇದು ನಡೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 2021ರಲ್ಲಿ ಪ್ರಪಂಚದಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತಿದ್ದಾರೆ, ಅದರಲ್ಲಿ ಹತ್ತಿರ ಹತ್ತಿರ ಕಾಲು ಭಾಗ 5 ವರ್ಷದೊಳಗಿನ ಮಕ್ಕಳು. ಅದೇ ವರ್ಷ ವಿಶ್ವಸಂಸ್ಥೆ ಜುಲೈ 25ನ್ನು ಇದರ ಬಗ್ಗೆ ಎಚ್ಚರ ಹೇಳುವ ದಿನವಾಗಿ ಘೋಷಿಸಿತು.

ಸಿನಿಮಾದಲ್ಲಿ ಮುಳುಗುವವರು ಕೈ ಬೀಸಿ ಕೂಗುತ್ತಾರೆ. ನಿಜವಾಗಿ ಮುಳುಗುವವರು ಹೆಚ್ಚಾಗಿ ಕೂಗುವುದಿಲ್ಲ, ಕೂಗಲು ಅವರಿಗೆ ಉಸಿರೇ ಇರುವುದಿಲ್ಲ. ತಲೆ ಹಿಂದಕ್ಕೆ ವಾಲಿರುತ್ತದೆ, ಬಾಯಿ ನೀರಿನ ಮಟ್ಟದಲ್ಲೇ ಇರುತ್ತದೆ, ಕೂದಲು ಕಣ್ಣಿನ ಮೇಲೆ ಬಿದ್ದಿದ್ದರೂ ತೆಗೆಯುವುದಿಲ್ಲ, ಎರಡೂ ಕೈ ಪಕ್ಕಕ್ಕೆ ಚಾಚಿ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ದೂರದಿಂದ ನೋಡಿದರೆ ಆಟ ಆಡುವ ಹಾಗೇ ಕಾಣುತ್ತದೆ. ಒಂದು ನಿಮಿಷವೂ ಆಗುವ ಮೊದಲು ನೀರಿನ ಕೆಳಗೆ ಹೋಗಿಬಿಡಬಹುದು. ಗಲಾಟೆ ಮಾಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಸುಮ್ಮನಾದರೆ ತಕ್ಷಣ ನೋಡಿ.

ಇಪ್ಪತ್ತು ಜನ ದಡದಲ್ಲಿದ್ದರೂ ಯಾರೂ ನೋಡದೆ ಇರುವುದು ಸಾಧ್ಯ. ಅವರು ನೋಡುತ್ತಿದ್ದಾರೆ ಅಂತ ಇವರು, ಇವರು ನೋಡುತ್ತಿದ್ದಾರೆ ಅಂತ ಅವರು. ಅದಕ್ಕೆ ಸರದಿ ಬೇಕು. ಎದ್ದು ಕಾಣುವ ಬಣ್ಣದ ಒಂದು ಟೋಪಿ ತನ್ನಿ. ಟೋಪಿ ಯಾರ ತಲೆ ಮೇಲಿದೆಯೋ ಅವರು 15 ನಿಮಿಷ ನೀರನ್ನೇ ನೋಡಬೇಕು. ಫೋನ್ ಇಲ್ಲ, ಮಾತಿಲ್ಲ, ಮದ್ಯವಂತೂ ಇಲ್ಲವೇ ಇಲ್ಲ. ಸಮಯ ಆದ ಮೇಲೆ ಮುಂದಿನವರ ಕೈಗೆ ಟೋಪಿ ಕೊಟ್ಟು, "ಈಗ ನೀರಿನಲ್ಲಿ ಏಳು ಜನ ಮಕ್ಕಳಿದ್ದಾರೆ" ಅಂತ ಎಣಿಸಿ ಹೇಳಿಯೇ ಏಳಬೇಕು. ಟೋಪಿ ಹಾಕುವವರಿಗೆ ಈಜು ಬರಬೇಕು. ಮಗು 5 ವರ್ಷದೊಳಗಿದ್ದರೆ ದಡದಲ್ಲಿ ಕೂತು ನೋಡಿದರೆ ಸಾಲದು, ದೊಡ್ಡವರೊಬ್ಬರು ಕೈ ಚಾಚಿದರೆ ಸಿಗುವಷ್ಟು ಹತ್ತಿರ ನೀರಿನಲ್ಲೇ ಇರಬೇಕು.

ಗಾಳಿ ತುಂಬಿದ ಟ್ಯೂಬು, ತೋಳಿಗೆ ಹಾಕುವ ಬಲೂನು ಆಟದ ಸಾಮಾನು, ಜೀವ ಉಳಿಸುವ ಸಾಮಾನು ಅಂತ ನಂಬಬೇಡಿ. ಗಾಳಿ ಬೀಸಿದರೆ ಅವೇ ಮಗುವನ್ನು ಆಳದ ಕಡೆ ಒಯ್ಯುತ್ತವೆ. ಮಗುವಿನ ತೂಕಕ್ಕೆ ಸರಿಯಾದ ಲೈಫ್ ಜಾಕೆಟ್ ಬೇಕು. ಎಲ್ಲ ಪಟ್ಟಿ ಬಿಗಿದ ಮೇಲೆ ಭುಜದ ಹತ್ತಿರ ಎರಡೂ ಕಡೆ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಜಾಕೆಟ್ ಮೇಲೆ ಬಂದು ಕಿವಿ, ಗಲ್ಲ ಮುಚ್ಚಿದರೆ ಅದು ದೊಡ್ಡದು, ಬೇರೆ ತನ್ನಿ. ದೋಣಿ ಹತ್ತುವಾಗ ದೊಡ್ಡವರಿಗೂ ಜಾಕೆಟ್ ಬೇಕು. ಈಜು ಬರುತ್ತದೆ ಅನ್ನುವವರಿಗೂ ಬೇಕು.

ಬೇಸಿಗೆಯಲ್ಲಿ ಕೆರೆಯ ಮೇಲಿನ ನೀರು ಬೆಚ್ಚಗಿರುತ್ತದೆ, ಆಳಕ್ಕೆ ಹೋದರೆ ಬೇರೆಯದೇ ತಣ್ಣನೆ ಪದರ ಸಿಗುತ್ತದೆ. ಕಾಲಿಗೆ ಒಮ್ಮೆಗೇ ಆ ತಂಪು ತಾಗಿದಾಗ ಉಸಿರು ಎಳೆದುಕೊಂಡು ಗಾಬರಿಯಾಗುವುದು ಸಹಜ, ಅದಕ್ಕೇ ನಿಧಾನಕ್ಕೆ ಇಳಿಯಬೇಕು. ಆಳ ಗೊತ್ತಿಲ್ಲದ ಕಡೆ ತಲೆ ಮುಂದಾಗಿ ಧುಮುಕುವುದು ಬೇಡವೇ ಬೇಡ, ಕತ್ತು ಮುರಿದರೆ ಬದುಕಿಡೀ ಹಾಸಿಗೆ. ಹುರುಪಿನ ಹುಡುಗರಿಗೆ ಇದನ್ನು ಅವರು ಲೆಕ್ಕಕ್ಕೆ ಇಟ್ಟುಕೊಳ್ಳುವ ಅಣ್ಣನೋ ಅಕ್ಕನೋ ಹೇಳಿದರೆ ಹಿಡಿಸುತ್ತದೆ.

ದಡದಲ್ಲಿ ಒಂದು ಉದ್ದ ಹಗ್ಗ, ಅದರ ತುದಿಗೆ ಮುಚ್ಚಳ ಬಿಗಿದ ಖಾಲಿ ಕ್ಯಾನು ಕಟ್ಟಿ ಇಟ್ಟಿರಿ. ಯಾರಾದರೂ ತೊಂದರೆಯಲ್ಲಿದ್ದರೆ ಕೋಲು ಚಾಚಿ, ಹಗ್ಗ ಎಸೆಯಿರಿ, ತರಬೇತಿ ಇಲ್ಲದವರು ಹಿಂದೆಯೇ ಹಾರಬೇಡಿ. ಕಾಪಾಡಲು ಹೋದವರೇ ಮುಳುಗುವುದು ಬಹಳ. ಹೊರಗೆ ತಂದ ಮೇಲೆ ಉಸಿರಾಡುತ್ತಿಲ್ಲ ಅಂದರೆ ಹೊಟ್ಟೆ ಒತ್ತುವುದು, ತಲೆ ಕೆಳಗೆ ಮಾಡಿ ನೀರು ತೆಗೆಯುವುದು ಬೇಡ. ಆಂಬುಲೆನ್ಸಿಗೆ ಫೋನ್ ಮಾಡಿಸಿ, ಬಾಯಿಂದ ಉಸಿರು ಕೊಡುವುದರಿಂದ ಶುರು ಮಾಡಿ, ಆಮೇಲೆ 30 ಸಲ ಎದೆ ಒತ್ತುವುದು, 2 ಉಸಿರು, ಹೀಗೆ ನಿಲ್ಲಿಸದೆ ಮುಂದುವರಿಸಬೇಕು. ಇದನ್ನು ಓದಿ ಕಲಿಯಲು ಆಗುವುದಿಲ್ಲ. ಕೂಟಕ್ಕೆ ಮುಂಚೆ ಮನೆಯ ಇಬ್ಬರಾದರೂ ಸಿಪಿಆರ್ ತರಬೇತಿ ಪಡೆದು ಬನ್ನಿ.

ಬಿಸಿಲು, ಗುಡುಗು, ಸೊಳ್ಳೆ

ನೀರಿನಾಟ ಬೆಳಿಗ್ಗೆಯೇ ಇರಲಿ. ಗಾಳಿ ಕಡಿಮೆ, ನೀರು ಶಾಂತ, ಬಿಸಿಲೂ ಹಿತ. ನಡು ಮಧ್ಯಾಹ್ನ ನೆರಳಲ್ಲಿ ಊಟ, ನಿದ್ದೆ. ನೀರಿನಿಂದಲೂ ಬಿಸಿಲು ವಾಪಸು ಹೊಡೆಯುತ್ತದೆ, ಹಾಗಾಗಿ ಮರದ ಕೆಳಗಿದ್ದರೂ ಮುಖ ಸುಡಬಹುದು. ಎಸ್‌ಪಿಎಫ್ 30 ಅಥವಾ ಹೆಚ್ಚು ಇರುವ, ಬಿಸಿಲು ತಡೆಯುವ ಕ್ರೀಮನ್ನು 2 ಗಂಟೆಗೊಮ್ಮೆ, ನೀರಿನಿಂದ ಎದ್ದ ಮೇಲೆ ಮತ್ತೊಮ್ಮೆ ಹಚ್ಚಿ. 6 ತಿಂಗಳೊಳಗಿನ ಕೂಸಿಗೆ ಕ್ರೀಮಿಗಿಂತ ನೆರಳು, ಹತ್ತಿ ಬಟ್ಟೆಯೇ ಸರಿ.

ಓಆರ್‌ಎಸ್ ಪೊಟ್ಟಣ ತಂದಿರಿ. ಮುಗಿದುಹೋದರೆ 1 ಲೀಟರ್ ಶುದ್ಧ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಎಲ್ಲ ಮಟ್ಟಸವಾಗಿ ಅಳೆದು ಬೆರೆಸಬಹುದು. ಆದರೆ ಯಾರಾದರೂ ಬಿಸಿಲಿಗೆ ಮೈ ಕಾದು ಏನೇನೋ ಮಾತಾಡಲು ಶುರು ಮಾಡಿದರೆ ಪಾನಕ ಕುಡಿಸುತ್ತಾ ಕೂರಬೇಡಿ, ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಾ ಆಸ್ಪತ್ರೆಗೆ ಕರೆದೊಯ್ಯಿರಿ.

ಗುಡುಗು ಕೇಳಿಸಿತು ಅಂದರೆ ಎಲ್ಲರೂ ನೀರಿನಿಂದ ಹೊರಗೆ. ಮರದ ಕೆಳಗೆ ನಿಲ್ಲಬಾರದು, ಟೆಂಟೂ ರಕ್ಷಣೆ ಅಲ್ಲ. ಗಟ್ಟಿ ಕಟ್ಟಡ ಅಥವಾ ಕಿಟಕಿ ಮುಚ್ಚಿದ ಕಾರು ಸೇರಿ, ಕೊನೆಯ ಗುಡುಗಿನಿಂದ 30 ನಿಮಿಷ ಕಾಯಿರಿ. ಸೊಳ್ಳೆಗೆ ಉದ್ದ ತೋಳಿನ ಬಟ್ಟೆ, ರಾತ್ರಿ ಪರದೆ ಇರಲಿ.

ದಿನವನ್ನು ತುಂಬಬೇಡಿ

ಎಂಟು ಗಂಟೆಗೆ ಇದು, ಒಂಬತ್ತಕ್ಕೆ ಅದು ಅಂತ ಕಾರ್ಯಕ್ರಮ ಬರೆದರೆ ಶಾಲೆ ಆಗಿಬಿಡುತ್ತದೆ. ಊಟದ ಹೊತ್ತು, ಎಲ್ಲರೂ ಸೇರಿ ಫೋಟೋ ತೆಗೆಸಿಕೊಳ್ಳುವ ಹೊತ್ತು, ಇವೆರಡನ್ನು ಮಾತ್ರ ಗಟ್ಟಿ ಮಾಡಿ. ಮಕ್ಕಳಿಗೆ ಆಟ ಹೇಳಿಕೊಡುವ ಅಗತ್ಯವೇ ಇಲ್ಲ. ಒಂದು ಬಕೆಟ್, ಎರಡು ಸೌಟು, ಒದ್ದೆ ಮರಳು ಇದ್ದರೆ ಅವರೇ ಊರು ಕಟ್ಟುತ್ತಾರೆ, ಕಾಲುವೆ ತೋಡುತ್ತಾರೆ, ಜಗಳ ಆಡಿ ರಾಜಿಯೂ ಆಗುತ್ತಾರೆ. ಹದಿಹರೆಯದವರಿಗೆ ಮಾತ್ರ ಏನಾದರೂ ಜವಾಬ್ದಾರಿ ಬೇಕು, ಇಲ್ಲದಿದ್ದರೆ ಮೂಲೆಯಲ್ಲಿ ಫೋನ್ ಹಿಡಿದು ಕೂರುತ್ತಾರೆ. ಸಂಜೆಯ ಬೆಂಕಿ, ಹಾಡಿನ ಪಟ್ಟಿ, ದೋಣಿಯ ಜಾಕೆಟ್ ಲೆಕ್ಕ, ಇದನ್ನು ಪೂರ್ತಿ ಅವರ ಕೈಗೆ ಕೊಟ್ಟು, ನಡುವೆ ಬಾಯಿ ಹಾಕದೆ ಇರಿ.

ಅಜ್ಜಿ ತಾತಂದಿರನ್ನು ದೂರದ ನೆರಳಲ್ಲಿ ಕೂರಿಸಿ, ನೀವು ನೋಡುತ್ತಾ ಇರಿ ಅಂತ ಹೇಳಿ ಹೋಗಬೇಡಿ. ಅವರಿಗೂ ನೀರು ಬೇಕು. ಕೈಯಿಟ್ಟು ಏಳಲು ಆಗುವಂಥ ತೋಳಿರುವ ಕುರ್ಚಿಯನ್ನು ಹಿಮ್ಮಡಿ ಮುಳುಗುವಷ್ಟು ನೀರಿನಲ್ಲಿ ಹಾಕಿ. ಕುರ್ಚಿಯ ಕಾಲು ಮರಳಲ್ಲಿ ಹೂತು ಒಂದು ಕಡೆ ವಾಲುತ್ತದೆ, ಅದಕ್ಕೆ ಅಡಿಯಲ್ಲಿ ಅಗಲ ಹಲಗೆ ಇಟ್ಟು, ಅಲುಗಾಡಿಸಿ ನೋಡಿ, ಆಮೇಲೆ ಇಬ್ಬರು ಎರಡೂ ಕಡೆ ಕೈ ಹಿಡಿದು ಕರೆದುಕೊಂಡು ಹೋಗಿ. ಜಾರದ ಚಪ್ಪಲಿ ಕಾಲಿನಲ್ಲೇ ಇರಲಿ. ಸೀರೆ ನೆರಿಗೆ ಮೇಲೆತ್ತಿ ಮಡಿಲಲ್ಲಿ ಇಟ್ಟುಕೊಂಡು, ಸಣ್ಣ ಅಲೆ ಕಾಲಿಗೆ ತಾಗಿದಾಗೆಲ್ಲ ಬೆರಳು ಮಡಚಿ ಬಿಡಿಸಿ ಮಾಡುತ್ತಾ ಅಜ್ಜಿ ಕೂರುತ್ತಾರೆ. ಪಕ್ಕದಲ್ಲಿ ಒಬ್ಬರು ಕೂತಿರಿ. ಒಬ್ಬರನ್ನೇ ಬಿಟ್ಟು ಹೋಗಬೇಡಿ.

ಹೊಸದಾಗಿ ಮದುವೆಯಾಗಿ ಬಂದ ಸೊಸೆಗೋ ಅಳಿಯನಿಗೋ ಎಲ್ಲ ಮುಖವೂ ಹೊಸದು. ಯಾರು ಯಾರಿಗೆ ಏನಾಗಬೇಕು ಅಂತ ಅವರಿಗೆ ಗೊತ್ತಿರುವುದಿಲ್ಲ, ಕೇಳಲು ಸಂಕೋಚ. ಮೊದಲ ದಿನವೇ ಅವರ ವಯಸ್ಸಿನ ಒಬ್ಬರನ್ನು ಜೊತೆಗೆ ಹಾಕಿ. ಮದುವೆ ಯಾವಾಗ, ಮಗು ಯಾವಾಗ, ಮಾರ್ಕ್ಸ್ ಎಷ್ಟು, ಸಂಬಳ ಎಷ್ಟು ಅನ್ನುವ ಪ್ರಶ್ನೆಗಳಿಗೆ ಈ ಮೂರು ದಿನ ರಜೆ ಅಂತ ಹಿರಿಯರೇ ಒಬ್ಬರು ಹೇಳಿದರೆ ಎಷ್ಟೋ ಜನ ನಿರಾಳ ಆಗುತ್ತಾರೆ. ಆಸ್ತಿ ಮಾತೂ ಬೇಡ. ಮಾತು ಬಿಟ್ಟ ಅಣ್ಣ ತಮ್ಮಂದಿರಿದ್ದರೆ ಅಲ್ಲೇ ಎಲ್ಲರೆದುರು ರಾಜಿ ಮಾಡಿಸಲು ಹೋಗಬೇಡಿ. ಒಂದೇ ಹೊತ್ತಿನ ಪಾತ್ರೆ ಕೆಲಸಕ್ಕೆ ಇಬ್ಬರ ಹೆಸರೂ ಬರೆದುಬಿಡಿ. ತಟ್ಟೆ ಒರೆಸುತ್ತಾ ಆಡುವ ಮಾತು ಸಣ್ಣದಾಗಿ ಶುರುವಾಗುತ್ತದೆ, ಅಷ್ಟು ಸಾಕು.

ಫೋಟೋವನ್ನು ಮೊದಲ ಸಂಜೆಯೇ ತೆಗೆಯಿರಿ. ಕೊನೆಯ ದಿನ ಯಾರೋ ಬೇಗ ಹೊರಟಿರುತ್ತಾರೆ. ಸೂರ್ಯ ಮುಳುಗುವ ಒಂದು ಗಂಟೆ ಮುಂಚೆ ಬೆಳಕು ಮೃದುವಾಗಿರುತ್ತದೆ, ಯಾರೂ ಕಣ್ಣು ಕಿರಿದು ಮಾಡುವುದಿಲ್ಲ. ಹಿರಿಯರು ಮುಂದೆ ಕುರ್ಚಿಯಲ್ಲಿ, ಮಕ್ಕಳು ನೆಲದಲ್ಲಿ. ಟೈಮರ್ ಇಟ್ಟು ತೆಗೆಯಿರಿ, ಫೋಟೋ ತೆಗೆಯುವವರೂ ಫೋಟೋದಲ್ಲಿ ಇರಬೇಕಲ್ವಾ.

ಒಂದು ಸಂಜೆಯನ್ನು ಹಳೆ ಮಾತಿಗೆ ಬಿಡಿ. ಹಳೆ ಫೋಟೋಗಳ ಮೂಲ ಪ್ರತಿ ತರಬೇಡಿ, ಕೆರೆ ಗಾಳಿಗೆ ಹಾರಿ ನೀರಿಗೆ ಬಿದ್ದರೆ ಹೋಯಿತು. ಸ್ಕ್ಯಾನ್ ಮಾಡಿಸಿ, ದೊಡ್ಡದಾಗಿ ಪ್ರಿಂಟ್ ತೆಗೆಸಿ ತನ್ನಿ. ಕೈಗೊಂದು ಫೋಟೋ ಕೊಟ್ಟು "ಇದರಲ್ಲಿ ಯಾರ್ಯಾರು ಇದ್ದಾರೆ?" ಅಂತ ಕೇಳಿ ಸುಮ್ಮನಿರಿ. "ನಿಮ್ಮ ಬಾಲ್ಯ ಹೇಗಿತ್ತು?" ಅಂದರೆ ಎರಡು ಮಾತಿನಲ್ಲಿ ಮುಗಿಯುತ್ತದೆ. "ಆ ಮನೆಯಲ್ಲಿ ನೀವು ಯಾವ ಕಡೆ ಮಲಗುತ್ತಿದ್ದಿರಿ?" ಅಂದರೆ ಒಂದು ಗಂಟೆ ಮಾತಾಡುತ್ತಾರೆ. ಅವರಿಗೆ ಹೇಳಿ, ಒಪ್ಪಿಗೆ ಪಡೆದು, ಫೋನನ್ನು ಹತ್ತಿರ ಇಟ್ಟು ದನಿ ರೆಕಾರ್ಡ್ ಮಾಡಿ. ಗಾಳಿ ಸದ್ದು ಬೀಳದ ಹಾಗೆ ಫೋನಿಗೆ ಗೋಡೆಯೋ ಬೆನ್ನೋ ಮರೆ ಇರಲಿ.

ಸಂಜೆ ಸ್ಪೀಕರ್ ಜೋರು ಮಾಡುವ ಮೊದಲು ಆಚೆ ದಡ ನೆನಪಿರಲಿ. ನೀರಿನ ಮೇಲಿನ ಗಾಳಿ ತಣ್ಣಗಾಗಿ, ಅದರ ಮೇಲಿನ ಗಾಳಿ ಇನ್ನೂ ಬೆಚ್ಚಗಿರುವಾಗ ಸದ್ದು ಕೆಳಕ್ಕೆ ಬಾಗುತ್ತದೆ. ನಿಮ್ಮ ಮಾತು ನೀರಿನ ಮೇಲೆ ಬಹಳ ದೂರ ಹೋಗುತ್ತದೆ, ಹಾಡಂತೂ ಇನ್ನೂ ದೂರ. ಅಲ್ಲಿಯೂ ಯಾರದೋ ಕೂಸು ಮಲಗಿರುತ್ತದೆ.

ಹೊರಡುವ ಬೆಳಿಗ್ಗೆ

ಪಾತ್ರೆ, ಬಟ್ಟೆ, ಮೈ, ಯಾವುದನ್ನೂ ಸೋಪು ಹಾಕಿ ಕೆರೆಯಲ್ಲಿ ತೊಳೆಯಬೇಡಿ. ಮಣ್ಣಿನಲ್ಲಿ ಕರಗುತ್ತದೆ ಅಂತ ಬರೆದಿರುವ ಸೋಪಿಗೂ ಮಣ್ಣೇ ಬೇಕು, ನೀರಲ್ಲ. ದಡದಿಂದ 60 ಮೀಟರ್ ಆಚೆ ತೊಳೆದು ನೀರನ್ನು ನೆಲಕ್ಕೆ ಚೆಲ್ಲಿ. ಬೆಂಕಿ ಮಾಡಿದ್ದರೆ ನೀರು ಹಾಕಿ, ಕೆದಕಿ, ಮತ್ತೆ ನೀರು ಹಾಕಿ, ಕೈಯಿಟ್ಟು ನೋಡಿದರೆ ತಣ್ಣಗಿರಬೇಕು. ಕೊನೆಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ದಡದುದ್ದಕ್ಕೂ ಕಸ ಹೆಕ್ಕಿಸಿ. ಬಾಟಲಿ ಮುಚ್ಚಳ, ಟಾಫಿ ಕಾಗದ ಅವರ ಕಣ್ಣಿಗೇ ಮೊದಲು ಬೀಳುತ್ತವೆ.

ಎಲ್ಲರೂ ಇನ್ನೂ ಅಲ್ಲೇ ಇರುವಾಗ ಮುಂದಿನ ಸಲ ಯಾರು ಹೊಣೆ ಹೊರುತ್ತಾರೆ ಅಂತ ಕೇಳಿ, ಇಬ್ಬರ ಹೆಸರು ಬರೆದುಕೊಳ್ಳಿ. ಈ ಸಲ ಮಾಡಿದವರು ಬೇಡ, ಅವರಿಗೆ ಬಿಡುವು ಕೊಡಿ. ಕೆಲಸದ ಹಾಳೆಯನ್ನು ಹರಿಯಬೇಡಿ. ಯಾವುದು ಸಾಲದೆ ಬಂತು, ಯಾವುದು ಜಾಸ್ತಿ ಆಯ್ತು, ಯಾರಿಗೆ ಕೂರಲು ಬಿಡುವೇ ಸಿಗಲಿಲ್ಲ ಅಂತ ಅದರ ಮೇಲೆಯೇ ಗೀಚಿ ಹೊಸಬರ ಕೈಗೆ ಕೊಡಿ. ಮನೆ ಸೇರಿದ ಒಂದು ವಾರದೊಳಗೆ ಲೆಕ್ಕ, ಫೋಟೋ, ರೆಕಾರ್ಡಿಂಗ್ ಎಲ್ಲರಿಗೂ ಕಳಿಸಿ. ಹಿರಿಯರಿಗೆ ಮಾತ್ರ ಫೋನಿಗೆ ಕಳಿಸಿದರೆ ಸಾಲದು, ಗುಂಪು ಫೋಟೋವನ್ನು ಪ್ರಿಂಟ್ ಹಾಕಿಸಿ, ಹಿಂದೆ ಪೆನ್ಸಿಲಿನಲ್ಲಿ ಎಲ್ಲರ ಹೆಸರು, ಇಸವಿ ಬರೆದು ಕೈಗೆ ಕೊಟ್ಟು ಬನ್ನಿ. ಯಾರ ಡಬ್ಬಿ ಯಾರ ಮನೆಗೆ ಹೋಗಿದೆ ಅನ್ನುವುದನ್ನೂ ಆಗಲೇ ಕೇಳಿಕೊಳ್ಳಿ.